ಎಣಿಸಿದೆ, ಹದಿನೆಂಟು

ಹಲ್ಲಾವಾರಾ ಶಾಲೆ
8 ಜನವರಿ 1985

ಅಮ್ಮನಿಗೆ,

ನೀನು ಹೊಂಕಲಾದಲ್ಲಿ ಬಸ್ಸಿಗೆ ಹತ್ತಿಸಿದ ಗಂಟುಮೂಟೆಯ ಜೊತೆ ನಾನೂ ಸರಿಯಾಗಿ ಬಂದು ತಲುಪಿದೆ. ಏಲಕ್ಕಿ ಬನ್ನು ಮಾತ್ರ ದಾರಿಯಲ್ಲೇ ಕಲ್ಲಾಗಿತ್ತು, ಕಾಫಿಯಲ್ಲಿ ಅದ್ದಿ ತಿಂದೆ. ಫೋನ್ ಮಾಡಲಿಲ್ಲ ಎಂದು ಮುನಿಸಿಕೊಳ್ಳಬೇಡ. ಇಲ್ಲಿರುವುದು ಒಂದೇ ಫೋನು, ಅದು ಹೆಡ್ ಮಾಸ್ಟರ್ ಹಾಪಲಾ ಅವರ ಮೇಜಿನ ಮೇಲಿದೆ. ನಾನು ನಿನ್ನ ಹತ್ತಿರ ಆಡಿದ ಮಾತು ಅವರ ಕಿವಿಗೆ, ಅಲ್ಲಿಂದ ಅವರ ಹೆಂಡತಿಯ ಕಿವಿಗೆ, ಸಂಜೆಯೊಳಗೆ ಊರಿಗೆಲ್ಲ. ಅದಕ್ಕಿಂತ ಕಾಗದವೇ ವಾಸಿ.

ರಜೆ ಮುಗಿದು ನಿನ್ನೆ ಶಾಲೆ ಶುರುವಾಯಿತು. ಒಂದು ಎರಡನೇ ತರಗತಿ ಸೇರಿ ನನಗೆ ಹದಿನೆಂಟು ಮಕ್ಕಳು. ಪಾಠ ಹೇಗೋ ನಡೆಯುತ್ತದೆ ಅಮ್ಮ, ನನಗೆ ಹೆದರಿಕೆ ಇರುವುದು ಆಟದ ಬಿಡುವಿನದ್ದು. ಗಂಟೆಗೊಮ್ಮೆ ಹದಿನೈದು ನಿಮಿಷ ಎಲ್ಲರೂ ಅಂಗಳಕ್ಕೆ ಹೋಗಲೇಬೇಕು. ಮೈನಸ್ ಇಪ್ಪತ್ತೈದರವರೆಗೆ ಪ್ರಶ್ನೆಯೇ ಇಲ್ಲ, ಅದಕ್ಕಿಂತ ಇಳಿದರೆ ಮಾತ್ರ ಒಳಗೆ. ಥರ್ಮಾಮೀಟರನ್ನು ಅಡುಗೆಮನೆಯ ಕಿಟಕಿಯ ಪಕ್ಕ ಮೊಳೆ ಹೊಡೆದು ಹಾಕಿದ್ದಾರೆ. ಒಳಗೆ ಅಡುಗೆಯ ಎಲ್ವಿ ಗಂಜಿ ಕುದಿಸುತ್ತಿರುತ್ತಾಳೆ, ಗೋಡೆಯೇ ಬೆಚ್ಚಗಿರುತ್ತದೆ. ಅದು ಇಪ್ಪತ್ನಾಲ್ಕು ತೋರಿಸಿದರೆ ಅಂಗಳದಲ್ಲಿ ಇಪ್ಪತ್ತೇಳು ಇದ್ದೇ ಇರುತ್ತದೆ. ಹಾಗೆಂದು ಹೇಳಿದೆ. ಹೆಡ್ ಮಾಸ್ಟರ್ ನಕ್ಕರು, "ಟೀಚರ್, ನಿಮಗೆ ಚಳಿಯಾದ್ರೆ ಇನ್ನೊಂದು ಸ್ವೆಟರ್ ಹಾಕ್ಕೊಳ್ಳಿ" ಅಂದರು.

ಕಿತ್ತಳೆ ಬಣ್ಣದ ಅಂಗಿ ತೊಟ್ಟು ಅಂಗಳದ ನಡುವೆ ನಿಂತಿರುತ್ತೇನೆ. ಹತ್ತು ಗಂಟೆಗೂ ಸರಿಯಾಗಿ ಬೆಳಕಾಗಿರುವುದಿಲ್ಲ, ಎಲ್ಲ ಮಕ್ಕಳೂ ಒಂದೇ ಥರ ಕಾಣುತ್ತಾರೆ, ಟೋಪಿ ಮತ್ತು ಮೂಗು ಅಷ್ಟೆ. ಒಳಗೆ ಬಂದ ಮೇಲೆ ನೀನು ಹೇಳಿಕೊಟ್ಟ ಹಾಗೆ ಮಕ್ಕಳು ಹಜಾರದ ಹಲಗೆಯಲ್ಲಿ ಕಳಚಿಟ್ಟ ಬೂಟು ಎಣಿಸುತ್ತೇನೆ. ಹದಿನೆಂಟು ಜೊತೆ ಇದ್ದರೆ ಬಾಗಿಲು ಹಾಕಿ ಒಳಗೆ ಹೋಗುತ್ತೇನೆ. ಮೂವತ್ತೇಳು ವರ್ಷ ನೀನು ಈ ಕೆಲಸ ಮಾಡಿದೆಯಲ್ಲ, ನಿನಗೆ ಹೆದರಿಕೆ ಆಗುತ್ತಿರಲಿಲ್ಲವೇ?

ಮೇ ತಿಂಗಳಲ್ಲಿ ಶಾಲಾ ಸಮಿತಿ ನನ್ನ ಕೆಲಸ ಕಾಯಂ ಮಾಡುವ ವಿಚಾರ ತೀರ್ಮಾನಿಸುತ್ತದಂತೆ. ಅಲ್ಲಿಯವರೆಗೆ ನಾನು ಬಹಳ ಒಳ್ಳೆಯವಳು.

ನಿನ್ನ
ಸಿರ್ಕಾ


ಹೊಂಕಲಾ
15 ಜನವರಿ 1985

ಸಿರ್ಕಾ,

ಕಾಗದ ಬಂತು. ಅಕ್ಷರ ಇನ್ನೂ ಕೋಳಿ ಕೆದರಿದ ಹಾಗೆಯೇ ಇದೆ, ಮಕ್ಕಳಿಗೆ ಕಾಪಿ ಬರೆಸುವವಳು ನೀನು.

ಹೆದರಿಕೆ ಗಿದರಿಕೆ ಎಂದು ಕೂತರೆ ಆಗುವುದಿಲ್ಲ. ಹೇಳುತ್ತೇನೆ, ಬರೆದಿಟ್ಟುಕೊ. ಚಳಿ ಇಪ್ಪತ್ತು ದಾಟಿದ ದಿನ ಕಣ್ಣಾಮುಚ್ಚಾಲೆ ಬೇಡ. ಒಂದೇ ಕಡೆ ಕದಲದೆ ಕೂರುವ ಆಟ ಯಾವುದೂ ಬೇಡ, ಓಡಿಸು. ಪ್ರತಿ ಮಗುವಿನ ಮುಖ ನೋಡು, ಕೆನ್ನೆಯಲ್ಲೋ ಮೂಗಿನ ತುದಿಯಲ್ಲೋ ಸಣ್ಣ ನಾಣ್ಯದಷ್ಟು ಬಿಳಿ ಕಂಡರೆ ಆ ಕ್ಷಣವೇ ಒಳಗೆ ಕಳಿಸು. ಹಿಮ ತಿಕ್ಕುವ ಹಳೇ ಕಾಲದ ಅಜ್ಜಿಯರ ಮಾತು ಕೇಳಬೇಡ, ಅದರಿಂದ ಚರ್ಮ ಕಿತ್ತು ಬರುತ್ತದೆ. ಒದ್ದೆ ಕೈಗವಸು ಹಾಕಿಕೊಂಡು ಯಾರೂ ಹೊರಗೆ ಕಾಲಿಡಬಾರದು. ಆ ಕಿಟಕಿಯ ಥರ್ಮಾಮೀಟರನ್ನು ನಂಬಬೇಡ, ನಿನ್ನದೇ ಒಂದು ಕೊಂಡು ಬಾವುಟದ ಕಂಬಕ್ಕೆ ಕಟ್ಟು.

ಬೂಟು ಎಣಿಸುವುದನ್ನು ಮಾತ್ರ ಬಿಡಬೇಡ. ಮಕ್ಕಳ ತಲೆ ಎಣಿಸುವುದು ನೊಣ ಎಣಿಸಿದ ಹಾಗೆ. ಬೂಟು ಕೂತಲ್ಲೇ ಕೂತಿರುತ್ತದೆ. ನನ್ನನ್ನು ಅದು ಒಂದು ದಿನವೂ ಕೈಬಿಟ್ಟಿಲ್ಲ.

ಉಳಿದಂತೆ ನಾನು ಚೆನ್ನಾಗಿದ್ದೇನೆ. ಬೆಕ್ಕಿಗೆ ಸೊಕ್ಕು ಬಂದಿದೆ.

ಅಮ್ಮ


ಹಲ್ಲಾವಾರಾ
31 ಜನವರಿ 1985

ಅಮ್ಮ,

ಮೊನ್ನೆ ಮಂಗಳವಾರ ಒಂದು ಮಗುವನ್ನು ಚಳಿಯಲ್ಲಿ ಹೊರಗೆ ಬಿಟ್ಟು ನಾನು ಬಾಗಿಲು ಹಾಕಿಕೊಂಡೆ. ಬದುಕಿದ್ದಾಳೆ. ಮೊದಲು ಅದನ್ನೇ ಬರೆಯಬೇಕು ಅನ್ನಿಸಿತು.

ವೆನ್ಲಾ ಎಂದು ಹೆಸರು, ಏಳು ವರ್ಷ, ಮುಂದಿನ ಎರಡು ಹಲ್ಲಿಲ್ಲ. ಬೆಳಿಗ್ಗೆ ಬರುವಾಗಲೇ ಅವಳ ಬೂಟಿನೊಳಗೆ ಹಿಮ ಹೋಗಿ ಒದ್ದೆಯಾಗಿತ್ತು. ಅಡುಗೆಯ ಎಲ್ವಿ ಕರುಣೆಯಿಂದ ತನ್ನ ಕಂಬಳಿ ಬೂಟು ಕೊಟ್ಟಿದ್ದಾಳೆ, "ನೋಡು ಪುಟ್ಟಿ, ನೆನೆಸ್ಕೊಂಡು ಬಂದ್ರೆ ಗಂಜಿ ಹಾಕಲ್ಲ" ಅಂತ ತಮಾಷೆ ಮಾಡಿದ್ದಾಳೆ. ವೆನ್ಲಾಳ ಬೂಟನ್ನು ಹಜಾರದ ಹಲಗೆಯಲ್ಲಿ, ಬಿಸಿನೀರಿನ ಕೊಳವೆಯ ಹತ್ತಿರ, ಒಣಗಲು ಇಟ್ಟಿದ್ದಾಳೆ. ನನಗೆ ಇದು ಗೊತ್ತಿರಲಿಲ್ಲ.

ಎರಡನೇ ಬಿಡುವು. ಗಾಳಿ ಇತ್ತು. ನಾನು ಕಂಬಕ್ಕೆ ಕಟ್ಟಿದ ಥರ್ಮಾಮೀಟರಿನಲ್ಲಿ ಇಪ್ಪತ್ತೇಳು, ಕಿಟಕಿಯಲ್ಲಿ ಇಪ್ಪತ್ನಾಲ್ಕು. ಕಿಟಕಿಯದ್ದೇ ಲೆಕ್ಕ ಎಂದು ಹೆಡ್ ಮಾಸ್ಟರ್ ಹೇಳಿಯಾಗಿತ್ತು, ಹೊರಗೆ ಹೋದೆವು. ಓಡಿಸಿದೆ, ಮುಖ ನೋಡಿದೆ, ನೀನು ಬರೆದದ್ದೆಲ್ಲ ಮಾಡಿದೆ. ಗಂಟೆ ಹೊಡೆಯಿತು. ಒಳಗೆ ಬಂದು ಬೂಟು ಎಣಿಸಿದೆ. ಹದಿನೆಂಟು ಜೊತೆ.

ಆ ಹೊತ್ತಿನಲ್ಲಿ ಅರ್ಧ ತರಗತಿ ಮೇಲಿನ ಕೋಣೆಗೆ ಹೋಗುತ್ತದೆ, ಹೆಡ್ ಮಾಸ್ಟರ ಹೆಂಡತಿ ಅವರಿಗೆ ಹೆಣಿಗೆ ಕಲಿಸುತ್ತಾರೆ. ವೆನ್ಲಾ ಅಲ್ಲಿದ್ದಾಳೆ ಎಂದು ನಾನಂದುಕೊಂಡೆ. ನನ್ನ ಹತ್ತಿರ ಇದ್ದಾಳೆ ಎಂದು ಅವರಂದುಕೊಂಡರು.

ಮುಕ್ಕಾಲು ಗಂಟೆ ಆದ ಮೇಲೆ ಎಲ್ವಿ ಬಾಗಿಲಲ್ಲಿ ತಲೆ ಹಾಕಿದಳು. "ಟೀಚರ್, ಆ ಹಲ್ಲಿಲ್ಲದ ಹುಡುಗಿ ಎಲ್ಲಿ? ಸೌದೆ ತರೋಕೆ ಹೋಗ್ಬೇಕು, ನನ್ನ ಬೂಟು ಕೊಟ್ಟಿದ್ದೆ."

ಬೂಟು ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಎಲ್ಲ ಗೊತ್ತಾಯಿತು ಅಮ್ಮ. ಕಾಲ್ಚೀಲದಲ್ಲೇ ಅಂಗಳಕ್ಕೆ ಓಡಿದೆ.

ಸ್ಕೀ ಹಲಗೆ ಇಡುವ ಶೆಡ್ಡಿನಲ್ಲಿದ್ದಳು. ಎಲ್ವಿಯ ಬೂಟಿಗೆ ಹಿಮ ಮೆತ್ತಬಾರದು ಎಂದು ಒಳಗೆ ಹೋಗಿ ನಿಂತಿದ್ದಾಳೆ, ಗಾಳಿಗೆ ಬಾಗಿಲು ಬಡಿದು ಹೊರಗಿನ ಚಿಲಕ ಬಿದ್ದಿದೆ. ಕೈಗವಸು ತೆಗೆದು ಬಲಗೈ ಬೆರಳನ್ನು ಸಂದಿಯಲ್ಲಿ ತೂರಿಸಿ ಕಬ್ಬಿಣದ ಚಿಲಕ ಎತ್ತಲು ನೋಡಿದ್ದಾಳೆ. ಕೂಗಿದಳಂತೆ. ಕಿಟಕಿಗೆಲ್ಲ ಜೋಡಿ ಗಾಜು, ಯಾರಿಗೆ ಕೇಳಬೇಕು. ನಾಲ್ಕು ಬೆರಳು ಮೇಣದ ಹಾಗೆ ಬಿಳಿಚಿ ಗಟ್ಟಿಯಾಗಿದ್ದವು. ನಾನು ತಿಕ್ಕಲಿಲ್ಲ. ಎಲ್ವಿ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಳಿಸಿದಳು, ಬಿಸಿ ತಾಗುತ್ತಿದ್ದ ಹಾಗೆ ಆ ಮಗು ಕಿರುಚಿದ್ದು ಇನ್ನೂ ನನ್ನ ತಲೆಯಲ್ಲಿದೆ.

ಬೆರಳು ಉಳಿಯುತ್ತವೋ ಇಲ್ಲವೋ ಈಗಲೇ ಹೇಳಲು ಆಗುವುದಿಲ್ಲವಂತೆ. ನಾಲ್ಕೈದು ವಾರ ಕಾಯಬೇಕು, ಸತ್ತದ್ದು ತಾನೇ ಕಪ್ಪಾಗಿ ಬೇರೆ ಕಾಣುತ್ತದೆ ಎಂದರು ಡಾಕ್ಟರು.

ಸಂಜೆ ಹೆಡ್ ಮಾಸ್ಟರ್ ಕರೆದರು. ಮುಂದೆ ವರದಿಯ ಹಾಳೆ.

"ಎಣಿಸಿದ್ರಿ ತಾನೆ?"

"ಎಣಿಸಿದೆ."

"ಎಷ್ಟು?"

"ಹದಿನೆಂಟು."

"ಹಂಗಂತ ಬರೆದು ಸಹಿ ಹಾಕಿ. ಆಮೇಲೆ ಆ ಹುಡುಗಿ ಯಾವಾಗ್ಲೋ ನುಸುಳಿಕೊಂಡು ಹೋಗಿದೆ. ಶೆಡ್ಡಿಗೆ ಬೀಗ ಹಾಕದೆ ಬಿಟ್ಟಿದ್ದು ಯಾರು ಅನ್ನೋದನ್ನ ನಾನು ನೋಡ್ಕೋತೀನಿ."

ಏನನ್ನು ಎಣಿಸಿದಿರಿ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. 'ಎಣಿಸಿದೆ, ಹದಿನೆಂಟು' ಎಂದು ಬರೆದು ಸಹಿ ಹಾಕಿದೆ. ತಾನು ಒಳಗೆ ಬಂದೇ ಇರಲಿಲ್ಲ ಎಂದು ವೆನ್ಲಾ ಆಸ್ಪತ್ರೆಯಲ್ಲಿ ಹೇಳುತ್ತಿದ್ದಾಳಂತೆ. ಹೆದರಿದ ಮಗು, ಹೊತ್ತುಗೊತ್ತು ತಿಳಿಯುವುದಿಲ್ಲ ಎನ್ನುತ್ತಿದ್ದಾರೆ.

ಬೇಗ ಬರೆ.

ಸಿರ್ಕಾ


ಹೊಂಕಲಾ
4 ಫೆಬ್ರವರಿ 1985

ಸಿರ್ಕಾ,

ಮೊದಲು ಊಟ ಮಾಡು. ನೀನು ಮಾಡುತ್ತಿಲ್ಲ ಎಂದು ನನಗೆ ಗೊತ್ತು.

ಮಗು ಬದುಕಿದೆ. ನೀರಿನಲ್ಲಿ ಕೈ ಇಳಿಸಿದ್ದು ಸರಿಯಾಯಿತು. ಇನ್ನು ನಿನ್ನ ಕೈಯಲ್ಲಿ ಆಗುವುದು ಏನೂ ಇಲ್ಲ, ಡಾಕ್ಟರ ಕೈಯಲ್ಲೂ ಇಲ್ಲ, ಕಾಯಬೇಕು.

ವರದಿಯಲ್ಲಿ ನೀನು ಸುಳ್ಳು ಬರೆದಿಲ್ಲ. ಎಣಿಸಿದೆ ಎಂದೆ, ಎಣಿಸಿದ್ದೀಯ. ಹದಿನೆಂಟು ಎಂದೆ, ಹದಿನೆಂಟೇ ಇತ್ತು. ಕೇಳದೇ ಇದ್ದದ್ದಕ್ಕೆ ಉತ್ತರ ಕೊಡುವ ಕೆಲಸ ನಿನ್ನದಲ್ಲ. ಬಾಯಿಗೆ ಬೀಗ ಹಾಕಿಕೊಂಡು ಮೇ ತಿಂಗಳವರೆಗೆ ತಳ್ಳು. ನಾಳೆಯಿಂದ ಒಬ್ಬೊಬ್ಬರ ಹೆಸರು ಕರೆದು ಒಳಗೆ ಬಿಟ್ಟುಕೊ.

ಈ ಕಾಗದ ಓದಿ ಒಲೆಗೆ ಹಾಕು.

ಅಮ್ಮ


ಹಲ್ಲಾವಾರಾ
12 ಫೆಬ್ರವರಿ 1985

ಅಮ್ಮ,

ಒಲೆಗೆ ಹಾಕಲಿಲ್ಲ.

ಹೆಸರು ಕರೆಯುತ್ತಿದ್ದೇನೆ. ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕರೆದು, ಅವರ ಮುಖ ನೋಡಿ, ತೋಳು ಮುಟ್ಟಿ ಒಳಗೆ ಬಿಡುತ್ತೇನೆ. ವೆನ್ಲಾ ಎಂದು ಕರೆಯುವ ಜಾಗದಲ್ಲಿ ಮಕ್ಕಳೆಲ್ಲ ಶೆಡ್ಡಿನ ಕಡೆ ತಿರುಗುತ್ತಾರೆ.

ಜವಾನ ತಾವೆತ್ತಿಯ ಕೀಲಿಕೈ ಗೊಂಚಲನ್ನು ಹೆಡ್ ಮಾಸ್ಟರ್ ಕಿತ್ತುಕೊಂಡಿದ್ದಾರೆ. ಐವತ್ತೆಂಟು ವರ್ಷದ ಮನುಷ್ಯ, ಶಾಲೆಯ ಹಿಂದಿನ ಒಂದು ಕೋಣೆಯೇ ಅವನ ಮನೆ. ಮಾರ್ಚ್ 8ಕ್ಕೆ ಶಾಲಾ ಸಮಿತಿ ಕೂರುತ್ತದೆ, ಕೆಲಸದಿಂದ ತೆಗೆದರೆ ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಬೇಕು. ನಿನ್ನೆ ಅವನನ್ನು ಕೇಳಿದೆ.

"ಶೆಡ್ಡಿಗೆ ಬೀಗ ಹಾಕಿರಲಿಲ್ವಾ ತಾವೆತ್ತಿ?"

"ಹಾಕಿರಲಿಲ್ಲ. ದೊಡ್ಡ ಮಕ್ಕಳಿಗೆ ಸ್ಕೀ ತೆಗೆದುಕೊಟ್ಟೆ. ಅಷ್ಟರಲ್ಲಿ ಹೆಡ್ ಮಾಸ್ಟ್ರು ಕರೆದ್ರು, ಅವರ ಸೌನಾ ಸ್ನಾನದ ಮನೆ ಮಾಡಿನ ಮೇಲೆ ಹಿಮ ಜಾಸ್ತಿ ಆಗಿತ್ತು. ಎಳೆದು ಹಾಕೋಕೆ ಹತ್ತಿದೆ."

"ಅದನ್ನ ಸಮಿತಿ ಮುಂದೆ ಹೇಳಿ."

"ಹೇಳಿದ್ರೆ? ಹನ್ನೊಂದು ವರ್ಷ ಆಯ್ತು ನಾನು ಕುಡಿಯೋದು ಬಿಟ್ಟು. ಈ ಊರಿಗೆ ನಾನು ಇನ್ನೂ ಕುಡುಕನೇ. ನೀವು ಎಣಿಸಿದೀರಲ್ಲ ಟೀಚರ್, ಅದಕ್ಕೆ ಎದುರು ನಾನೇನು ಮಾತಾಡ್ಲಿ."

ಅವನು ಕೊಂಕು ಮಾತಾಡಲಿಲ್ಲ. ನಿಜವಾಗಿ ನಂಬಿ ಹೇಳಿದ.

ವೆನ್ಲಾಳ ತಾಯಿ ಕೈಸು ಕಳೆದ ವಾರ ಶಾಲೆಗೆ ಬಂದಿದ್ದಳು. ಬೈಯುತ್ತಾಳೆ ಎಂದು ಗಟ್ಟಿಯಾಗಿ ನಿಂತಿದ್ದೆ. ಅವಳು ಬಟ್ಟೆಯಲ್ಲಿ ಸುತ್ತಿದ ಬನ್ನು ನನ್ನ ಮೇಜಿನ ಮೇಲಿಟ್ಟಳು. "ನೀವಾದ್ರೂ ಎಣಿಸಿದ್ರಿ ಟೀಚರ್. ಬರೀ ಕಾಲ್ಚೀಲದಲ್ಲಿ ಓಡಿದ್ರಂತೆ. ಆ ಮನುಷ್ಯನಿಗೆ ಒಂದು ಬಾಗಿಲಿಗೆ ಬೀಗ ಹಾಕೋಕೂ ಆಗಲಿಲ್ಲ" ಅಂದಳು. ನನ್ನ ಕೈ ಹಿಡಿದುಕೊಂಡಳು. ಆಗ ಹೇಳಬಹುದಿತ್ತು. ಬಾಯಿ ತೆರೆದೆ, ಥ್ಯಾಂಕ್ಸ್ ಎಂದೆ. ಅವತ್ತಿನಿಂದ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಒಂದು ಮಾತು ಕೇಳುತ್ತೇನೆ. ಮೂವತ್ತೇಳು ವರ್ಷದಲ್ಲಿ ನಿನಗೆ ಒಮ್ಮೆಯೂ ಹೀಗೆ ಆಗಲಿಲ್ಲವೇ? ಆಗಿದ್ದರೆ ಹೇಳು. ನಾನೊಬ್ಬಳೇ ಅಲ್ಲ ಎಂದು ತಿಳಿದರೆ ಸಾಕು.

ಸಿರ್ಕಾ


ಹೊಂಕಲಾ
19 ಫೆಬ್ರವರಿ 1985

ಸಿರ್ಕಾ,

ಇಲ್ಲಿ ಮೂರು ದಿನದಿಂದ ಬಿಡದೆ ಹಿಮ. ಅಂಗಳದ ದಾರಿ ಬೆಳಿಗ್ಗೆ ತೋಡಿದರೆ ಮಧ್ಯಾಹ್ನ ಮುಚ್ಚಿರುತ್ತದೆ. ಪಕ್ಕದ ಮನೆಯವರು ಟ್ರ್ಯಾಕ್ಟರ್ ತಂದು ರಸ್ತೆಯವರೆಗೆ ತೆಗೆದುಕೊಟ್ಟರು, ಅವರಿಗೆ ಮೀನಿನ ಕಡುಬು ಮಾಡಿಕೊಟ್ಟೆ. ಬೆಕ್ಕು ಎರಡು ದಿನ ಕಾಣೆಯಾಗಿತ್ತು, ಶನಿವಾರ ಸೌನಾದ ಒಲೆಯ ಹಿಂದೆ ಸಿಕ್ಕಿತು. ಚರ್ಚಿನ ಹೆಂಗಸರು ಈಸ್ಟರಿಗೆ ಮೇಜುಬಟ್ಟೆ ಹೊಲಿಯುತ್ತಿದ್ದಾರೆ, ನನ್ನ ಕಣ್ಣಿಗೆ ಆ ಸಣ್ಣ ಹೊಲಿಗೆ ಈಗ ಆಗುವುದಿಲ್ಲ.

ಉಣ್ಣೆಯ ಕಾಲ್ಚೀಲ ಕಳಿಸಿದ್ದೇನೆ. ಹಿಮ್ಮಡಿ ದಪ್ಪಗೆ ಹಾಕಿದ್ದೇನೆ.

ಚೆನ್ನಾಗಿ ನಿದ್ದೆ ಮಾಡು.

ಅಮ್ಮ


ಹಲ್ಲಾವಾರಾ
26 ಫೆಬ್ರವರಿ 1985

ಅಮ್ಮ,

ಬೆಕ್ಕು ಸಿಕ್ಕಿದ್ದು ಸಂತೋಷ. ನಾನು ಕೇಳಿದ್ದು ಬೆಕ್ಕಿನ ಸುದ್ದಿಯಲ್ಲ.

ಆಗಿಲ್ಲ ಎಂದಾದರೆ ಆಗಿಲ್ಲ ಎಂದು ನೀನು ಒಂದು ಸಾಲು ಬರೆಯುತ್ತಿದ್ದೆ. ನಿನ್ನನ್ನು ನಾನು ಬಲ್ಲೆ, 'ನನ್ನನ್ನೇನು ಅಂದುಕೊಂಡಿದ್ದೀಯ' ಎಂದು ನಾಲ್ಕು ಬೈದು ಬರೆಯುತ್ತಿದ್ದೆ. ಬೈಯಲಿಲ್ಲ. ಅದಕ್ಕೇ ಹೆದರಿಕೆಯಾಗಿದೆ.

ನಾನು ಹುಟ್ಟುವ ಮೊದಲು ನೀನು ಕೊಯಿವುಮಾ ಶಾಲೆಯಲ್ಲಿದ್ದೆ. ವರ್ಷದ ನಡುವೆ ಬಿಟ್ಟು ಬಂದೆ. ಯಾಕೆ ಎಂದು ಕೇಳಿದಾಗಲೆಲ್ಲ ಆ ಶಾಲೆಯ ಮಾಡು ಸೋರುತ್ತಿತ್ತು ಎನ್ನುತ್ತೀಯ. ಮಾಡು ಸೋರಿತೆಂದು ಯಾರಾದರೂ ಮಾರ್ಚ್ ತಿಂಗಳಲ್ಲಿ ಊರು ಬಿಡುತ್ತಾರೆಯೇ?

ಡಾಕ್ಟರು ನಿನ್ನೆ ನೋಡಿದರು. ತೋರುಬೆರಳು, ನಡುಬೆರಳು ಉಳಿದವು. ಉಂಗುರದ ಬೆರಳು, ಕಿರುಬೆರಳು ಮೇಲಿನ ಗೆಣ್ಣಿನವರೆಗೆ ಕಪ್ಪಾಗಿವೆ. ನಾಳೆ ಕತ್ತರಿಸುತ್ತಾರೆ.

ಎಂಟನೇ ತಾರೀಕಿಗೆ ಸಮಿತಿ. ನಿನ್ನ ಉತ್ತರ ಅದಕ್ಕೆ ಮೊದಲು ಬಂದರೆ ಬರಲಿ. ಬರದಿದ್ದರೆ ನನಗೆ ತೋಚಿದ್ದನ್ನು ಮಾಡುತ್ತೇನೆ. ಏನು ತೋಚುತ್ತದೋ ನನಗೇ ಗೊತ್ತಿಲ್ಲ. ಬೆಳಿಗ್ಗೆ ಹೇಳಬೇಕು ಅನ್ನಿಸುತ್ತದೆ, ಮಧ್ಯಾಹ್ನದೊಳಗೆ ಧೈರ್ಯ ಸೋರಿಹೋಗುತ್ತದೆ.

ಸಿರ್ಕಾ


ಹೊಂಕಲಾ
2 ಮಾರ್ಚ್ 1985

ಸಿರ್ಕಾ,

ಮೂರು ಸಲ ಬರೆದು ಹರಿದೆ. ಇದನ್ನು ಓದದೆಯೇ ಲಕೋಟೆಗೆ ಹಾಕುತ್ತೇನೆ.

ಮಾಡು ಸೋರುತ್ತಿರಲಿಲ್ಲ. 1957ರ ಫೆಬ್ರವರಿ. ಕೊಯಿವುಮಾದಲ್ಲಿ ನನ್ನ ಹತ್ತಿರ ಇಪ್ಪತ್ಮೂರು ಸಣ್ಣ ಮಕ್ಕಳು. ಬಿಡುವಿನ ಹೊತ್ತಿಗೆ ಇದ್ದಕ್ಕಿದ್ದಂತೆ ಹಿಮದ ಗಾಳಿ ಎದ್ದಿತು, ನಿಂತಲ್ಲಿಂದ ಬಾವಿ ಕಾಣುತ್ತಿರಲಿಲ್ಲ. ಗಂಟೆ ಹೊಡೆಸಿ ಬಾಗಿಲಲ್ಲಿ ನಿಂತು ಒಳಗೆ ಹೋಗುವ ತಲೆಗಳನ್ನು ಎಣಿಸಿದೆ. ಇಪ್ಪತ್ಮೂರು. ಬಾಗಿಲು ಹಾಕಿದೆ.

ರೇಯೊ ಎಂಬ ಏಳು ವರ್ಷದ ಹುಡುಗನ ಬೆಂಚು ಖಾಲಿ ಇತ್ತು. ಅವನಿಗೆ ಹನ್ನೊಂದು ವರ್ಷದ ಅಕ್ಕ, ಔನೆ, ದೊಡ್ಡವರ ತರಗತಿಯಲ್ಲಿ ಓದುತ್ತಿದ್ದಳು. ಚಳಿಯಾದರೆ ಅವಳ ಹತ್ತಿರ ಓಡುವುದು ಅವನ ಅಭ್ಯಾಸ. ಎಣಿಕೆ ಸರಿ ಇದೆಯಲ್ಲ, ಅಲ್ಲಿರಬೇಕು ಎಂದು ಪಾಠ ಶುರು ಮಾಡಿದೆ. ಒಂದು ಗಂಟೆಯ ನಂತರ ಹುಡುಕಿಸಿದೆ, ಬಾವಿಯ ಹತ್ತಿರ ಸಿಕ್ಕ. ಬಾವಿಯ ಸುತ್ತ ಹೆಪ್ಪುಗಟ್ಟಿದ್ದ ತೆಳು ಮಂಜುಗಡ್ಡೆ ಒಡೆದು ಅವನ ಒಂದು ಕಾಲು ಅಡಿಯ ನೀರಿಗೆ ಇಳಿದಿತ್ತು. ಆ ಕಾಲಿನ ಐದೂ ಬೆರಳು ಹೋದವು.

ದೊಡ್ಡವರ ತರಗತಿಯ ಒಬ್ಬ ಹುಡುಗ ಬೇಗ ಒಳಗೆ ಹೋಗುವ ಆಸೆಗೆ ನನ್ನ ಸಾಲಿನಲ್ಲಿ ನುಗ್ಗಿದ್ದ. ಅವತ್ತು ಸಂಜೆಯೇ ನನಗೆ ಅದು ನೆನಪಾಯಿತು. ಅಷ್ಟರಲ್ಲಿ ನಾನು ಬರೆದುಕೊಟ್ಟಾಗಿತ್ತು. ಎಣಿಸಿದೆ, ಇಪ್ಪತ್ಮೂರು. ನಿನ್ನದೇ ವಾಕ್ಯ ಸಿರ್ಕಾ.

ಟೀಚರ್ ಎಣಿಸಿದ್ದಾರೆ, ಅಂದ ಮೇಲೆ ಒಳಗೆ ಬಂದ ಹುಡುಗ ಮತ್ತೆ ಹೊರಗೆ ಹೇಗೆ ಹೋದ? ತಮ್ಮನ ಕೈ ಬಿಡಬೇಡ ಎಂದು ಮನೆಯಲ್ಲಿ ಔನೆಗೆ ಹೇಳಿದ್ದರು. ಎಲ್ಲರೂ ಅವಳನ್ನು ಕೇಳಿದರು, ಯಾಕೆ ಬಿಟ್ಟೆ? ನನ್ನ ಎದುರಿಗೇ ಅವಳಮ್ಮ ಅವಳ ಕೆನ್ನೆಗೆ ಹೊಡೆದಳು. ಆ ಹುಡುಗಿ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿದೆ. ಮಾರ್ಚಿನಲ್ಲಿ ಊರು ಬಿಟ್ಟೆ.

ಬೂಟು ಎಣಿಸುವುದನ್ನು ಶುರು ಮಾಡಿದ್ದು ಆಮೇಲೆ. ಮಕ್ಕಳ ಮುಖ ನೋಡಿ ಎಣಿಸಲು ನನಗೆ ಆಗುತ್ತಿರಲಿಲ್ಲ. ಅದನ್ನು ನಿನಗೆ ದೊಡ್ಡ ಉಪಾಯದ ಹಾಗೆ ಕಲಿಸಿದೆ. ಆ ಮಗುವಿನ ಬೆರಳಿನಲ್ಲಿ ನನ್ನ ಪಾಲೂ ಇದೆ.

ಔನೆ ಈಗಲೂ ಪ್ರತಿ ಕ್ರಿಸ್ಮಸ್ಸಿಗೆ ನನಗೆ ಕಾರ್ಡು ಹಾಕುತ್ತಾಳೆ. ಅವತ್ತು ಟೀಚರ್ ಹುಡುಕಿಸದಿದ್ದರೆ ತಮ್ಮ ಉಳಿಯುತ್ತಿರಲಿಲ್ಲ ಎಂದು ಕೃತಜ್ಞತೆ. ಇಪ್ಪತ್ತೆಂಟು ಕಾರ್ಡು.

ಬಾಯಿಗೆ ಬೀಗ ಹಾಕಿಕೊ ಎಂದು ಬರೆದಿದ್ದೆನಲ್ಲ, ಅದು ನಿನ್ನನ್ನು ಉಳಿಸಲು ಬರೆದದ್ದಲ್ಲ, ನನ್ನನ್ನು ಉಳಿಸಿಕೊಳ್ಳಲು. ಹೋಗಿ ಹೇಳು. ಕೆಲಸ ಹೋದರೆ ಹೋಗಲಿ, ಇಲ್ಲಿ ಒಂದು ಕೋಣೆ ಇದೆ. ಹೇಳಿದ ಮೇಲೆ ಹಗುರಾಗುತ್ತದೆ ಎಂದು ನಾನು ಹೇಳಲಾರೆ, ನನಗೆ ಗೊತ್ತಿಲ್ಲ. ಹೇಳದಿದ್ದರೆ ಏನಾಗುತ್ತದೆ ಎಂದು ಮಾತ್ರ ಗೊತ್ತು.

ಅಮ್ಮ


ಹಲ್ಲಾವಾರಾ
10 ಮಾರ್ಚ್ 1985

ಅಮ್ಮ,

ನಿನ್ನ ಕಾಗದ ಏಳನೇ ತಾರೀಕು ಬಂತು. ಓದಿ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಒಂದಿಡೀ ಸಂಜೆ ಹಿಮದಲ್ಲಿ ನಡೆದೆ. ಈಗಲೂ ಇದೆ. ಅದನ್ನು ಇನ್ನೊಂದು ದಿನ ಮಾತಾಡೋಣ.

ಹೇಳಿದೆ.

ಊಟದ ಕೋಣೆಯಲ್ಲಿ ಸಮಿತಿಯ ಐದು ಜನ, ಪಕ್ಕದಲ್ಲಿ ಹೆಡ್ ಮಾಸ್ಟರ್. ಬೆಂಚಿನ ಈ ತುದಿಯಲ್ಲಿ ಕೈಸು, ಆ ತುದಿಯಲ್ಲಿ ತಾವೆತ್ತಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ನನ್ನ ವರದಿ ಓದಿದರು. ನಾನು ಎದ್ದು ನಿಂತೆ.

"ನಾನು ಎಣಿಸಿದ್ದು ಮಕ್ಕಳನ್ನಲ್ಲ, ಬೂಟುಗಳನ್ನ" ಅಂದೆ. "ವೆನ್ಲಾಳ ಬೂಟು ಹಲಗೆ ಮೇಲಿತ್ತು, ಅವಳು ಎಲ್ವಿ ಬೂಟು ಹಾಕ್ಕೊಂಡು ಹೊರಗಿದ್ದಳು. ಅವಳು ಹೇಳ್ತಿರೋದು ನಿಜ. ಅವಳು ಒಳಗೆ ಬಂದೇ ಇರಲಿಲ್ಲ. ಬಾಗಿಲು ಹಾಕಿದ್ದು ನಾನು."

ಹೆಡ್ ಮಾಸ್ಟರ ಕಿವಿ ಕೆಂಪಾಯಿತು. "ಇದನ್ನ ಆವತ್ತೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ಆವತ್ತು ಕಂಬದ ಥರ್ಮಾಮೀಟರಿನಲ್ಲಿ ಇಪ್ಪತ್ತೇಳಿತ್ತು. ಬೀಗ ಹಾಕಬೇಕಾದ ಹೊತ್ತಿನಲ್ಲಿ ತಾವೆತ್ತಿ ಎಲ್ಲಿದ್ದರು ಅಂತ ಅದನ್ನೂ ಬರಕೊಳ್ಳಿ. ಯಾರ ಮಾಡಿನ ಮೇಲೆ ಅಂತ."

ಎಲ್ವಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಬೂಟು ಕೊಟ್ಟದ್ದೇ ತನ್ನ ತಪ್ಪು ಎಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳಂತೆ. ನಾನು ಸುಮ್ಮನಿದ್ದದ್ದು ಎಷ್ಟು ಜನರ ತಲೆಗೆ ಕಟ್ಟಿತ್ತು ನೋಡು.

ತಾವೆತ್ತಿಗೆ ಕೀಲಿಕೈ ವಾಪಸು ಕೊಟ್ಟರು. ಹೊರಗೆ ಸಿಕ್ಕಾಗ ಅವನು ನನ್ನ ಮುಖ ನೋಡದೆ, "ಐದು ವಾರ ತಡ ಮಾಡಿದ್ರಿ. ಅಂಗಳದ ದಾರಿಯೆಲ್ಲ ಹಾಳಾಗಿದೆ" ಎಂದು ಸಲಿಕೆ ಎತ್ತಿಕೊಂಡು ಹೋದ. ನನ್ನ ಕೆಲಸ ಮೇ ಕೊನೆಯವರೆಗೆ, ಮುಂದೆ ಇಲ್ಲ. ಥರ್ಮಾಮೀಟರನ್ನು ಕಂಬಕ್ಕೆ ಹಾಕಿದ್ದಾರೆ, ಹೆಸರು ಕರೆಯುವುದನ್ನು ನಿಯಮ ಮಾಡಿದ್ದಾರೆ.

ಕೈಸು ಎಲ್ಲರೂ ಎದ್ದು ಹೋಗುವವರೆಗೆ ಕಾದಳು. ಹತ್ತಿರ ಬಂದಳು. ಹೊಡೆದರೆ ಹೊಡೆಯಲಿ ಎಂದು ನಿಂತೆ.

"ಆವತ್ತು ಬನ್ನು ತಂದುಕೊಟ್ಟೆನಲ್ಲ, ತಿಂದ್ರಾ?"

"ತಿಂದೆ" ಅಂದೆ.

ತಲೆ ಆಡಿಸಿ ಹೊರಟುಹೋದಳು. ಅಂಗಡಿಯಲ್ಲಿ ಸಿಕ್ಕರೆ ಈಗ ದಾರಿ ಬದಲಿಸುತ್ತಾಳೆ. ವೆನ್ಲಾ ಬುಧವಾರದಿಂದ ಶಾಲೆಗೆ ಬರುತ್ತಿದ್ದಾಳೆ. ಬ್ಯಾಂಡೇಜು ಸುತ್ತಿದ ಕೈಯಲ್ಲೇ ಪೆನ್ಸಿಲ್ ಹಿಡಿಯುತ್ತಾಳೆ, ಗುಂಡಿ ಹಾಕಿಕೊಳ್ಳಲು ಕಷ್ಟ. ಹೆಸರು ಕರೆದಾಗ ಎಲ್ಲರಿಗಿಂತ ಜೋರಾಗಿ "ಇದ್ದೀನಿ" ಅನ್ನುತ್ತಾಳೆ.

ಇನ್ನು ನಿನ್ನದು. ಔನೆಗೆ ಈಗ ಮೂವತ್ತೊಂಬತ್ತು. ನೀನು ಹೇಳುವುದಿಲ್ಲವೇ?

ಸಿರ್ಕಾ


ಹೊಂಕಲಾ
3 ಏಪ್ರಿಲ್ 1985

ಸಿರ್ಕಾ,

ಹೋಗಿ ಬಂದೆ.

ಕಾರ್ಡಿನ ಹಿಂದೆ ವಿಳಾಸ ಇತ್ತು. ಎರಡು ಬಸ್ಸು ಬದಲಿಸಬೇಕು. ಔನೆ ಬೇಕರಿಯಲ್ಲಿ ಕೆಲಸ ಮಾಡುತ್ತಾಳೆ, ಮದುವೆಯಾಗಿಲ್ಲ. ಬಾಗಿಲು ತೆಗೆದವಳು ನನ್ನನ್ನು ಗುರುತಿಸಿ "ಅಯ್ಯೋ ಟೀಚರ್, ಬನ್ನಿ ಬನ್ನಿ" ಎಂದು ಕೋಟು ತೆಗೆಸಿಕೊಂಡಳು. ಕಾಫಿಗೆ ನೀರಿಟ್ಟಳು, ಇದ್ದ ಒಳ್ಳೆಯ ಬಟ್ಟಲುಗಳನ್ನೆಲ್ಲ ಇಳಿಸಿದಳು. ಕಾಫಿ ಕುಡಿದ ಮೇಲೆ ಹೇಳುವ ಯೋಚನೆ ಮಾಡಿದ್ದೆ. ಆಮೇಲೆ, ಅವಳ ಕಾಫಿ ಕುಡಿದು ಹೇಳುವುದು ಇನ್ನೂ ದೊಡ್ಡ ಮೋಸ ಅನ್ನಿಸಿತು. ನಿಂತುಕೊಂಡೇ ಹೇಳಿದೆ.

ಅವಳು ಒಲೆ ಆರಿಸಿದಳು. ಬಟ್ಟಲುಗಳನ್ನು ಒಂದೊಂದಾಗಿ ಮತ್ತೆ ಮೇಲೆ ಇಟ್ಟಳು.

"ನಮ್ಮಮ್ಮನಿಗೆ ಗೊತ್ತಿತ್ತಾ?"

"ಇಲ್ಲ" ಅಂದೆ. ಅವಳಮ್ಮ ತೀರಿಕೊಂಡು ಒಂಬತ್ತು ವರ್ಷವಾಗಿದೆ.

ಔನೆ ಫೋನಿನ ಹತ್ತಿರ ಹೋಗಿ ನಂಬರ್ ತಿರುಗಿಸಿದಳು. ರೇಯೊ ಕಾಗದದ ಕಾರ್ಖಾನೆಯಲ್ಲಿದ್ದಾನೆ, ಹೆಂಡತಿ ಮಕ್ಕಳಿದ್ದಾರೆ. "ಟೀಚರ್ ಬಂದಿದ್ದಾರೆ, ಏನೋ ಹೇಳ್ಬೇಕಂತೆ" ಎಂದು ರಿಸೀವರ್ ನನ್ನ ಕೈಗೆ ಕೊಟ್ಟಳು. ಎರಡನೇ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟ. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದೆ.

ಅವನಿಗೆ ಸಿಟ್ಟು ಬರಲಿಲ್ಲ. "ನಾನು ಅವತ್ತೇ ಹೇಳಿದ್ದೆನಲ್ಲ ಟೀಚರ್" ಅಂದ. "ಒಳಗೆ ಬಂದೇ ಇರಲಿಲ್ಲ ಅಂತ. ಅಕ್ಕ ಕೈ ಬಿಡಲಿಲ್ಲ, ನಾನೇ ಕಿತ್ಕೊಂಡು ಬಾವಿ ಹತ್ರ ಓಡಿದೆ ಅಂತ. ಆಸ್ಪತ್ರೇಲಿ ಎಲ್ಲರಿಗೂ ಹೇಳಿದೆ. ಏಳು ವರ್ಷದವನ ಮಾತು, ಯಾರು ಕೇಳ್ತಾರೆ. ನೀವು ಎಣಿಸಿದ್ರಲ್ಲ."

ಏನಂದ ಎಂದು ಔನೆ ಕೇಳಿದಳು. ಅವನ ಮಾತನ್ನು ಹಾಗೆಯೇ ಹೇಳಿದೆ. ಅವಳು ರಿಸೀವರನ್ನು ನನ್ನ ಕೈಯಿಂದ ತೆಗೆದು ಇಟ್ಟಳು, ಅವನ ಹತ್ತಿರ ಮಾತಾಡಲಿಲ್ಲ.

"ಚಿಕ್ಕವನಿದ್ದಾಗಿಂದ ನನಗೂ ಅದನ್ನೇ ಹೇಳ್ತಿದ್ದ" ಅಂದಳು. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಾನೆ ಅಂದ್ಕೊಂಡಿದ್ದೆ. ಇಷ್ಟು ವರ್ಷ ನಾನು ನಂಬಿದ್ದು ನಿಮ್ಮನ್ನ, ಟೀಚರ್."

ಕೋಟು ತಂದುಕೊಟ್ಟಳು. ತೊಟ್ಟುಕೊಂಡು ಹೊರಟು ಬಂದೆ.

ನಿನ್ನ ಅಮ್ಮ
ಲೆಂಪಿ